ಬಲಿಷ್ಠರು ಪಾಲಿಸದ ಅಂತರರಾಷ್ಟ್ರೀಯ ಕಾನೂನನ್ನು ಓದಿ ಏನು ಪ್ರಯೋಜನ?

ಶಿವಮೊಗ್ಗದಲ್ಲಿ ಕಾನೂನು ಓದುತ್ತಿರುವ ನೀವು ಕೇಳಿರುವುದು ಇಷ್ಟು: ದೊಡ್ಡ ದೇಶಗಳು ಮನಸ್ಸಿಗೆ ಬಂದಂತೆ ನಡೆದುಕೊಳ್ಳುವಾಗ ಅಂತರರಾಷ್ಟ್ರೀಯ ಕಾನೂನನ್ನು ಆರಿಸಿಕೊಳ್ಳುವುದರಲ್ಲಿ ಅರ್ಥವಿದೆಯೇ, ಅದನ್ನೇ ಕಲಿಸುತ್ತ ಆಯುಷ್ಯ ಕಳೆದವರಿಗೆ ಈಗ ಏನನ್ನಿಸುತ್ತದೆ? ನಾನು 31 ವರ್ಷ ಈ ವಿಷಯವನ್ನು ಕಲಿಸಿ, ನಿವೃತ್ತನಾದ ಮೇಲೆ ತೀರ್ಥಹಳ್ಳಿ ಸಮೀಪದ ತೋಟದ ಮನೆಗೆ ಮರಳಿದವನು. ಅರ್ಥವಿದೆ ಎಂದೇ ನನ್ನ ಉತ್ತರ. ಆದರೆ ಆ ಉತ್ತರ ನನ್ನಲ್ಲಿ ಗಟ್ಟಿಯಾದದ್ದು ಅದನ್ನು ಕೊನೆಯವರೆಗೂ ಪೂರ್ತಿ ಒಪ್ಪದ ಒಬ್ಬ ಸಹೋದ್ಯೋಗಿಯ ಜೊತೆ ವಾದ ಮಾಡುತ್ತ. ಆದ್ದರಿಂದ ಅವರನ್ನು ಬಿಟ್ಟು ನಿಮಗೆ ಉತ್ತರ ಬರೆಯಲಾರೆ.

ಅವರು ರಾಜ್ಯಶಾಸ್ತ್ರದವರು, ವಿದೇಶಾಂಗ ನೀತಿ ಕಲಿಸುತ್ತಿದ್ದರು. ದೇಶಗಳು ಮೊದಲು ತಮ್ಮ ಹಿತವನ್ನು ನೋಡಿಕೊಂಡು ಆಮೇಲೆ ಅದಕ್ಕೊಪ್ಪುವ ಕಾನೂನನ್ನು ಹುಡುಕುತ್ತವೆ ಎಂಬುದು ಅವರ ಖಚಿತ ನಿಲುವು. ನಿಕರಾಗುವಾದ ಬಂಡುಕೋರರಿಗೆ ನೆರವು ಕೊಟ್ಟದ್ದು ತಪ್ಪೆಂದ 1986ರ ತೀರ್ಪನ್ನು ಅಮೆರಿಕ ತಳ್ಳಿಹಾಕಿದ್ದನ್ನೂ ಫಿಲಿಪ್ಪೀನ್ಸ್ ಹೂಡಿದ ದಕ್ಷಿಣ ಚೀನಾ ಸಮುದ್ರದ ಪ್ರಕರಣದ 2016ರ ತೀರ್ಪನ್ನು ಚೀನಾ ಒಪ್ಪದೇ ಹೋದದ್ದನ್ನೂ ಅವರು ಎತ್ತಿ ಹೇಳುತ್ತಿದ್ದರು. ನಮ್ಮ ದೇಶಕ್ಕೂ ಅವರಲ್ಲಿ ರಿಯಾಯಿತಿ ಇರಲಿಲ್ಲ. 1999ರಲ್ಲಿ ಪಾಕಿಸ್ತಾನ ನೌಕಾಪಡೆಯ ಅಟ್ಲಾಂಟಿಕ್ ವಿಮಾನವನ್ನು ಭಾರತ ಹೊಡೆದುರುಳಿಸಿದ ವಿವಾದ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋದಾಗ, ಆ ನ್ಯಾಯಾಲಯಕ್ಕೆ ಅದನ್ನು ವಿಚಾರಿಸುವ ಅಧಿಕಾರವೇ ಇಲ್ಲವೆಂದು ಭಾರತ ವಾದಿಸಿ 2000ದಲ್ಲಿ ಗೆದ್ದಿತು. ಅದೇ ಭಾರತ 2017ರಲ್ಲಿ, ಗೂಢಚಾರನೆಂದು ಪಾಕಿಸ್ತಾನ ಮರಣದಂಡನೆ ವಿಧಿಸಿದ್ದ ಕುಲಭೂಷಣ್ ಜಾಧವ್ ಅವರಿಗಾಗಿ, ಅದೇ ನ್ಯಾಯಾಲಯದ ಬಾಗಿಲು ತಟ್ಟಿತು. ಎರಡೂ ಕಾನೂನುಬದ್ಧವೇ ಎಂದು ನಾನು ಹೇಳಿದರೆ, ಹೌದು, ಎರಡೂ ಅನುಕೂಲಕರವೂ ಹೌದು ಎನ್ನುತ್ತಿದ್ದರು.

ನಾನು ಅವರ ಮುಂದೆ ಇಡುತ್ತಿದ್ದದ್ದು ಬಂಗಾಳ ಕೊಲ್ಲಿಯ ಉದಾಹರಣೆ. ಭಾರತ ಮತ್ತು ಬಾಂಗ್ಲಾದೇಶದ ನಡುವೆ ಸುಮಾರು 25,602 ಚದರ ಕಿಲೋಮೀಟರ್ ಕಡಲು ವಿವಾದದಲ್ಲಿತ್ತು. ಬಾಂಗ್ಲಾದೇಶ 2009ರಲ್ಲಿ ಅದನ್ನು ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ ಅಡಿಯ ಮಧ್ಯಸ್ಥಿಕೆಗೆ ಒಯ್ದಿತು. 2014ರ ಜುಲೈಯಲ್ಲಿ ಬಂದ ತೀರ್ಪಿನಲ್ಲಿ 19,467 ಚದರ ಕಿಲೋಮೀಟರ್ ಬಾಂಗ್ಲಾದೇಶದ ಪಾಲಾಯಿತು. ನೌಕಾಬಲದಲ್ಲಿ ಎಷ್ಟೋ ಪಟ್ಟು ದೊಡ್ಡದಾದ ಭಾರತ ಅದನ್ನು ಒಪ್ಪಿಕೊಂಡಿತು. ಢಾಕಾದ ಸ್ನೇಹ ನಮಗೆ ಬೇಕಿತ್ತು, ಅಷ್ಟೇ, ಎಂದರು ಅವರು. ಬೇಕಿತ್ತು ನಿಜ, ಆದರೆ ಅಷ್ಟು ಕಡಲನ್ನು ಸ್ನೇಹಕ್ಕಾಗಿ ಬಿಟ್ಟುಕೊಟ್ಟೆವೆಂದು ಯಾವ ಸರ್ಕಾರ ಸಂಸತ್ತಿನಲ್ಲಿ ನಿಂತು ಹೇಳಲು ಸಾಧ್ಯವಿತ್ತು ಎಂದು ಕೇಳಿದೆ. ಆ ದಿನ ಸುಮ್ಮನಾದರು. ಎರಡು ದಿನ ಬಿಟ್ಟು, ಶಂಕರಘಟ್ಟದಿಂದ ವಾಪಸು ಬರುವ ಬಸ್ಸಿನಲ್ಲಿ, ಭದ್ರಾವತಿ ದಾಟಿದ ಮೇಲೆ, ಮಾತು ನಿನ್ನೆಯಷ್ಟೇ ನಿಂತಿತ್ತೇನೋ ಎಂಬಂತೆ ಹೇಳಿದರು: "ಸೋತವನ ಮರ್ಯಾದೆ ಉಳಿಸುವುದು ಕಾನೂನಿನ ಕೆಲಸ ಎನ್ನುವುದಾದರೆ ಅಷ್ಟರ ಮಟ್ಟಿಗೆ ಒಪ್ಪುತ್ತೇನೆ." ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದಕ್ಕಿಂತ ಆ ಒಂದು ಮಾತು ಹೆಚ್ಚು ನಿಖರವಾಗಿತ್ತು. ಅಂದಿನಿಂದ ನಾನು ಅದನ್ನೇ ಕಲಿಸಿದೆ.

ಜಾಧವ್ ತೀರ್ಪು ಬಂದದ್ದು 2019ರ ಜುಲೈ 17ರ ಸಂಜೆ. ನಮ್ಮ ಜಗಲಿಯಲ್ಲಿ ಇಬ್ಬರೂ ಕೂತಿದ್ದೆವು. ಕರೆಂಟು ಹೋಗಿತ್ತು, ಹಂಚಿನಿಂದ ಧಾರೆಯಾಗಿ ಬೀಳುತ್ತಿದ್ದ ಮಳೆಯ ಸದ್ದಿನಲ್ಲಿ ಫೋನನ್ನು ಕಿವಿಯ ಹತ್ತಿರ ಹಿಡಿದು ಕೇಳಬೇಕಾಗಿತ್ತು. ಬಂಧಿತ ವಿದೇಶಿಗೆ ತನ್ನ ದೇಶದ ಅಧಿಕಾರಿಗಳ ನೆರವು ಸಿಗಬೇಕೆನ್ನುವ, ಕಾನ್ಸುಲರ್ ಸಂಬಂಧಗಳ ವಿಯೆನ್ನಾ ಒಪ್ಪಂದದ 36ನೇ ವಿಧಿಯನ್ನು ಪಾಕಿಸ್ತಾನ ಉಲ್ಲಂಘಿಸಿದೆ ಎಂದು 15–1ರ ಬಹುಮತ ಹೇಳಿತು. ಶಿಕ್ಷೆಯನ್ನು ರದ್ದು ಮಾಡಬೇಕೆಂಬ ಭಾರತದ ಕೋರಿಕೆಯನ್ನು ಮಾತ್ರ ಒಪ್ಪಲಿಲ್ಲ. ಪರಿಣಾಮಕಾರಿ ಮರುಪರಿಶೀಲನೆ ನಡೆಯಬೇಕು, ಅಲ್ಲಿಯವರೆಗೆ ಮರಣದಂಡನೆಗೆ ತಡೆ ಇರಬೇಕು ಎಂದಿತು. ನಾನು ಸಂತೋಷದಿಂದ ಎದ್ದು ನಿಂತಿದ್ದೆ. ಅವರು ಕೂತಲ್ಲಿಂದಲೇ, "ಮನುಷ್ಯ ಇನ್ನೂ ಜೈಲಿನಲ್ಲೇ ಇದ್ದಾನಲ್ಲ" ಎಂದರು. ಜೀವಂತ ಇದ್ದಾನಲ್ಲ ಎಂದೆ. ಇಬ್ಬರ ಮಾತೂ ಇಂದಿಗೂ ನಿಜವಾಗಿಯೇ ಉಳಿದಿದೆ.

ಈ ಕಾನೂನು ದೂರದ್ದು ಎಂದು ನಿಮಗನ್ನಿಸಿದರೆ ನಮ್ಮ ಹೊಳೆಗಳನ್ನು ನೋಡಿ. ನಮ್ಮ ಘಟ್ಟದಲ್ಲಿ ಬಿದ್ದ ಮಳೆ ನಮ್ಮದು ಎಂಬ ಮಾತನ್ನು ನೀವೂ ಕೇಳಿರುತ್ತೀರಿ. 1895ರಲ್ಲಿ ಅಮೆರಿಕದ ಅಟಾರ್ನಿ ಜನರಲ್ ಹಾರ್ಮನ್, ರಿಯೋ ಗ್ರಾಂಡೆ ನದಿಯ ನೀರಿನ ಬಗ್ಗೆ ಮೆಕ್ಸಿಕೋ ಎತ್ತಿದ ದೂರಿನ ವಿಷಯದಲ್ಲಿ ಹೇಳಿದ್ದೂ ಅದನ್ನೇ. ಆದರೆ 1906ರಲ್ಲಿ ಅಮೆರಿಕವೇ ನೀರು ಬಿಡಲು ಒಪ್ಪಂದ ಮಾಡಿಕೊಂಡಿತು. 2018ರ ಕಾವೇರಿ ತೀರ್ಪಿನಲ್ಲಿ ನಮ್ಮ ಸುಪ್ರೀಂ ಕೋರ್ಟ್ ನ್ಯಾಯೋಚಿತ ಹಂಚಿಕೆಯನ್ನು ವಿವರಿಸುವಾಗ ದೇಶಗಳ ನಡುವೆ ಹರಿಯುವ ನದಿಗಳ ನೀರಿನ ಬಳಕೆಯ ಕುರಿತ 1966ರ ಹೆಲ್ಸಿಂಕಿ ನಿಯಮಗಳನ್ನು ಚರ್ಚಿಸಿದೆ.

ರಾಜ್ಯಶಾಸ್ತ್ರದ ನನ್ನ ಆ ಸ್ನೇಹಿತರು 2021ರ ಮೇ ತಿಂಗಳಿನಲ್ಲಿ ಕೊರೋನಾದಿಂದ ತೀರಿಕೊಂಡರು. ಅಂತ್ಯಸಂಸ್ಕಾರಕ್ಕೆ ಹೋಗಲಾಗಲಿಲ್ಲ. ಮರುವರ್ಷ, ನನಗಿಂತ ಹಿರಿಯರಾಗಿದ್ದ, ಒಪ್ಪಂದಗಳ ಕಾನೂನು ಕಲಿಸುತ್ತಿದ್ದ ಇನ್ನೊಬ್ಬರೂ ಹೋದರು. ಸಹೋದ್ಯೋಗಿ ಹೋದಾಗ ಜೊತೆ ಹೋಗುವುದೇನೆಂದು ನನಗೆ ಸರಿಯಾಗಿ ಅರ್ಥವಾದದ್ದು 2025ರ ಏಪ್ರಿಲ್‌ನಲ್ಲಿ. ಪಹಲ್ಗಾಮ್‌ನ ಹತ್ಯೆಗಳ ದುಃಖ ನಮ್ಮ ಶಿವಮೊಗ್ಗದ ಬೀದಿಯವರೆಗೂ ಬಂದಿತ್ತು. ಮರುದಿನ ಭಾರತ 1960ರ ಸಿಂಧೂ ಜಲ ಒಪ್ಪಂದವನ್ನು ಅಮಾನತಿನಲ್ಲಿಟ್ಟಿತು. ಎರಡೂ ಸರ್ಕಾರಗಳು ಇನ್ನೊಂದು ಒಪ್ಪಂದದ ಮೂಲಕ ಕೊನೆಗೊಳಿಸುವವರೆಗೆ ಇದು ಜಾರಿಯಲ್ಲಿರುತ್ತದೆ ಎಂದು ಅದರ 12ನೇ ವಿಧಿ ಹೇಳುತ್ತದೆ. ನೆರೆಯವನು ಗುಂಡು ಹಾರಿಸುವವರನ್ನು ಸಾಕುತ್ತಿರುವಾಗ ನೀರಿನ ಒಪ್ಪಂದವನ್ನು ಮಾತ್ರ ಮಡಿಯಿಂದ ಕಾಪಾಡಬೇಕೇ ಎಂದು ರಾಜ್ಯಶಾಸ್ತ್ರದ ಆ ಸ್ನೇಹಿತರು ಇದ್ದಿದ್ದರೆ ಖಂಡಿತ ಕೇಳುತ್ತಿದ್ದರು. ಆ ರಾತ್ರಿ ಒಂದು ನೋಟ್‌ಬುಕ್ಕಿನ ಎಡಪುಟದಲ್ಲಿ ಅವರ ವಾದವನ್ನೂ ಬಲಪುಟದಲ್ಲಿ ನನ್ನದನ್ನೂ ಬರೆಯಲು ಕೂತೆ. ನಾಲ್ಕು ಪುಟಕ್ಕೆ ನಿಲ್ಲಿಸಿದೆ. ಅವರ ವಾದವನ್ನು ನಾನೇ ಬರೆದರೆ ಅದು ಪ್ರತಿ ಸಲವೂ ನನ್ನ ವಾದಕ್ಕೆ ಸೋಲುವಷ್ಟು ಮೆತ್ತಗಿರುತ್ತಿತ್ತು.

ಈ ವಿಷಯವನ್ನು ಆರಿಸಿಕೊಳ್ಳಿ. ಮೊದಲು 2014ರ ಬಂಗಾಳ ಕೊಲ್ಲಿ ತೀರ್ಪನ್ನು ನಕ್ಷೆ ಪಕ್ಕದಲ್ಲಿಟ್ಟುಕೊಂಡು ಓದಿ, ಅನಂತರ ಅಟ್ಲಾಂಟಿಕ್ ಪ್ರಕರಣದ ತೀರ್ಪನ್ನು ಓದಿ. ನಾನು ಮೇಲೆ ಹೇಳಿದ್ದರಲ್ಲಿ ಎಲ್ಲಿ ತಪ್ಪಿದ್ದೇನೆ ಎನ್ನಿಸುತ್ತದೆಯೋ ಅದನ್ನು ಇಲ್ಲೇ, ಸಂಕೋಚವಿಲ್ಲದೆ, ವಿವರವಾಗಿ ಬರೆಯಿರಿ. ಉತ್ತರಿಸಲು ಎರಡು ದಿನ ತೆಗೆದುಕೊಂಡರೆ ಬೇಸರಪಡಬೇಡಿ.