ಫ್ಲೆಕ್ಸ್ ಹಾಕಿದ ಮೇಲೆ ಸೀಟು ಬೇಡ ಅನ್ನೋದು ಹೇಗೆ?

ಮನೆಯವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು, ಇನ್ನು ಕೆಲವು ವಿವರ ಬದಲಿಸಿದ್ದೇನೆ. ಹುಡುಗಿಯನ್ನು ಸುಧಾ ಅಂತ ಕರೆಯೋಣ. ವಯಸ್ಸು 27. ಕುಮಟಾ ಕಡೆಯ ಕಡಲತಡಿಯ ಊರು. ಅಪ್ಪ ಪರ್ಸಿನ್ ಮೀನುಗಾರಿಕೆ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವವರು. ಆಯಿ ಮೊನ್ನೆ ಮೊನ್ನೆವರೆಗೂ ಮಾರ್ಕೆಟ್ಟಿನಲ್ಲಿ ಮೀನು ಮಾರುತ್ತಿದ್ದವರು, ಮಂಡಿನೋವು ಜಾಸ್ತಿಯಾಗಿ ಈಗ ಮನೆಯಲ್ಲೇ ಇದ್ದಾರೆ. ಅಣ್ಣ ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೆಯುತ್ತಾನೆ. ಆ ಊರಿಗೆ ಸುಧಾ ಮೊದಲ ಡಾಕ್ಟರ್.

ಎಂಬಿಬಿಎಸ್ ಮುಗಿಸಿ ಸ್ನಾತಕೋತ್ತರ ಓದಿನ (ಪಿಜಿ) ಪ್ರವೇಶ ಪರೀಕ್ಷೆ ನೀಟ್ ಪಿಜಿ ಬರೆದಳು. ಮೊದಲ ಸಲ ರ‍್ಯಾಂಕ್ ಸಾಕಾಗಲಿಲ್ಲ. ಒಂದು ವರ್ಷ ಮನೆಯಲ್ಲೇ ಕೂತು ಓದಿ ಮತ್ತೆ ಬರೆದಳು. ಅವಳಿಗೆ ಬೇಕಾಗಿದ್ದು ಹೆರಿಗೆ ಮತ್ತು ಸ್ತ್ರೀರೋಗ ವಿಭಾಗ. ಡಾಕ್ಟರುಗಳು ಓಬಿಜಿ ಅನ್ನುತ್ತಾರಲ್ಲ, ಅದು. ಅದೂ ಹುಬ್ಬಳ್ಳಿಯಲ್ಲಿ ಸಿಕ್ಕರೆ ಘಟ್ಟ ಇಳಿದು ಮನೆಗೆ ಬಂದು ಹೋಗಬಹುದು ಎಂಬ ಲೆಕ್ಕ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಸೀಟು ಹಂಚಿಕೆಯಲ್ಲಿ ಬಂದಿದ್ದು ಅನಸ್ತೇಷಿಯಾ, ಅಂದರೆ ಅರಿವಳಿಕೆ ವಿಭಾಗ. ಜಾಗ ಕಲಬುರಗಿ-ಬೀದರ್ ಕಡೆಯ ಒಂದು ಸರ್ಕಾರಿ ಕಾಲೇಜು. ಹುಬ್ಬಳ್ಳಿ ದಾಟಿದ ಮೇಲೂ ರಾತ್ರಿಯಿಡೀ ಬಸ್ಸಿನಲ್ಲಿ ಕೂರಬೇಕು.

ರಿಸಲ್ಟ್ ನೋಡಿದಾಗ ಅವಳ ಬಾಯಿಂದ ಬಂದಿದ್ದು 'ಸೀಟು ಬಂತು' ಎಂಬ ಎರಡೇ ಮಾತು. ಅಪ್ಪನಿಗೆ ಅಷ್ಟೇ ಸಾಕಾಯಿತು. ಮಾರನೇ ದಿನ ಬೆಳಿಗ್ಗೆ ಬಸ್ ನಿಲ್ದಾಣದ ಎದುರು ಫ್ಲೆಕ್ಸ್ ಎದ್ದಿತ್ತು. 'ನಮ್ಮೂರ ಹೆಮ್ಮೆಯ ಕುವರಿಗೆ ಹಾರ್ದಿಕ ಅಭಿನಂದನೆಗಳು.' ನಡುವೆ ಬಿಳಿ ಕೋಟಿನ ಸುಧಾ. ಕೆಳಗೆ ಸಾಲಾಗಿ ಊರಿನ ಯುವಕರ, ಹಿರಿಯರ ದುಂಡು ಫೋಟೋಗಳು. ಅವಳು ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಳು. ಕೊನೆಗೆ ಅಣ್ಣ ಬೈಕಿನಲ್ಲಿ ಕೂರಿಸಿಕೊಂಡು ಆಪ್ತ ಸಲಹೆಗೆಂದು ನನ್ನ ಹತ್ತಿರ ಕರೆತಂದ. ಕಾಲೇಜಿಗೆ ವರದಿ ಮಾಡಿಕೊಳ್ಳಲು ನಾಲ್ಕು ದಿನ ಉಳಿದಿತ್ತು.

"ಮೇಡಂ, ನಂಗೆ ಈ ಸೀಟು ಬೇಡ. ಆದ್ರೆ ಫ್ಲೆಕ್ಸ್ ಹಾಕ್‌ಬಿಟ್ಟಿದ್ದಾರೆ" ಅಂದಳು.

ಇಂಥ ಹೊತ್ತಲ್ಲಿ ಸೇರೋದಾ ಬಿಡೋದಾ ಅಂತ ಚರ್ಚೆಗೆ ಇಳಿಯಬಾರದು. ಮೊದಲು ಆ ಜೀವ ಹೇಗಿದೆ ನೋಡಬೇಕು. ನಿದ್ದೆ, ಊಟ ಕೇಳಿದೆ. ನಿದ್ದೆ ಇಲ್ಲ, ಊಟ ಹೆಸರಿಗಷ್ಟೇ. ಸಾಯಬೇಕು ಅಂತ ಅನ್ನಿಸಿದ್ದುಂಟಾ ಎಂದು ನೇರವಾಗಿಯೇ ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತೆ ಅಂತ ತುಂಬಾ ಜನ ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ಕೇಳಿದರೆ ಹೆಚ್ಚಿನವರಿಗೆ ಭಾರ ಇಳಿದಂತಾಗುತ್ತದೆ. ಸುಧಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೆಳಿಗ್ಗೆ ಏಳದೇ ಇದ್ರೆ ಸಾಕು ಅನ್ನಿಸ್ತದೆ, ಅಷ್ಟೇ" ಅಂದಳು. ಹೇಗೆ, ಯಾವಾಗ ಎಂಬ ಯೋಚನೆ ಇರಲಿಲ್ಲ. ಅಷ್ಟಕ್ಕೇ ನಾನು ನಿರಾಳ ಆಗಲಿಲ್ಲ. ಅವಳ ಒಪ್ಪಿಗೆ ಕೇಳಿ ಅಣ್ಣನನ್ನು ಒಳಗೆ ಕರೆದೆ. ರಾತ್ರಿ ಒಬ್ಬಳೇ ಮಲಗಬಾರದು, ಮನೆಯಲ್ಲಿರುವ ಮಾತ್ರೆಗಳೆಲ್ಲ ಅಣ್ಣನ ಕೈಯಲ್ಲಿರಬೇಕು, ಯೋಚನೆ ಜೋರಾದರೆ ತಕ್ಷಣ ಹೇಳಬೇಕು ಎಂದು ಮೂವರೂ ಮಾತಾಡಿಕೊಂಡೆವು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಇಬ್ಬರ ಫೋನಿನಲ್ಲೂ ಅಲ್ಲೇ ಹಾಕಿಸಿದೆ. ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಇಲ್ಲ.

ಡಾಕ್ಟರ್ ಓದುವವರು ಗಟ್ಟಿ ಇರುತ್ತಾರೆ ಅಂತ ನಾವು ಅಂದುಕೊಂಡಿದ್ದೇವೆ. 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ ವರದಿ ಕೊಟ್ಟಿತು. ಸಮೀಕ್ಷೆಗೆ ಉತ್ತರಿಸಿದ ಪಿಜಿ ವಿದ್ಯಾರ್ಥಿಗಳಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಒಬ್ಬರಿಗೆ ಸಾಯುವ ಯೋಚನೆ ಬಂದಿತ್ತಂತೆ. ಸೀಟು ಸಿಕ್ಕಿದವರೇ ಇವರೆಲ್ಲ. ಸೀಟು ಸಿಕ್ಕ ಮೇಲೆ ಕಷ್ಟ ಎಲ್ಲಿಂದ ಬಂತು ಅಂತ ಕೇಳುವ ತಂದೆ ತಾಯಿ ಇದನ್ನು ತಿಳಿದಿರಬೇಕು.

ಆ ದಿನ ತೀರ್ಮಾನದ ಮಾತು ಬೇಡ ಅಂದೆ. "ನಾಲ್ಕೇ ದಿನ ಇದೆಯಲ್ಲ ಮೇಡಂ" ಅಂದಳು. ನಾಲ್ಕು ದಿನದಲ್ಲಿ ಒಂದು ದಿನ ಅಳುವುದಕ್ಕೇ ಇಟ್ಟುಕೋ ಅಂದೆ. ಎರಡು ವರ್ಷ ಓಬಿಜಿ ಅಂತ ಕನಸು ಕಂಡವಳು. ಅದು ಕೈ ತಪ್ಪಿದ್ದಕ್ಕೆ ದುಃಖ ಆಗಲೇಬೇಕು. ಆ ದುಃಖ ನುಂಗಿಕೊಂಡು ಸಹಿ ಹಾಕಿದರೂ, ಅದರ ಭರದಲ್ಲೇ ಸೀಟು ಬಿಟ್ಟರೂ, ಆಮೇಲೆ ಕೊರಗು ತಪ್ಪಿದ್ದಲ್ಲ.

ಮಾರನೇ ದಿನ ಬರುವಾಗ ಆಪ್ಷನ್ ಎಂಟ್ರಿ, ಅಂದರೆ ಯಾವ ಕಾಲೇಜು, ಯಾವ ವಿಭಾಗ ಬೇಕು ಅಂತ ಕ್ರಮವಾಗಿ ತುಂಬುವ ಪಟ್ಟಿ, ಬರೆದಿಟ್ಟ ನೋಟ್‌ಬುಕ್ ತರಲು ಹೇಳಿದ್ದೆ. ತಂದಳು. ಉದ್ದ ಗೆರೆ ಹಾಕಿದ ಪುಟ. ಕಾಲೇಜು, ವಿಭಾಗ, ಶುಲ್ಕ, ಕುಮಟಾದಿಂದ ಎಷ್ಟು ಕಿಲೋಮೀಟರ್ ಎಂಬ ಕಾಲಂಗಳು. ಮೊದಲ ಪುಟ ಪೂರ್ತಿ ಓಬಿಜಿ, ನೀಲಿ ಶಾಯಿಯಲ್ಲಿ, ಅಕ್ಷರ ನೀಟಾಗಿ. ಎರಡನೇ ಪುಟದ ಕೊನೆಗೆ ಬಂದಾಗ ಶಾಯಿ ಕಪ್ಪು, ಅಕ್ಷರ ಗಡಿಬಿಡಿ. ಅನಸ್ತೇಷಿಯಾ ಇದ್ದಿದ್ದು ಅಲ್ಲಿ. ಆ ಸಾಲುಗಳಲ್ಲಿ ಕಿಲೋಮೀಟರ್ ಕಾಲಂ ಖಾಲಿ. ಆಪ್ಷನ್ ಮುಚ್ಚುವ ಹಿಂದಿನ ರಾತ್ರಿ ಗೆಳತಿ ಫೋನ್ ಮಾಡಿ, 'ಏನೂ ಸಿಗದಿದ್ರೆ ಏನ್ ಮಾಡ್ತೀ, ಇವನ್ನೂ ಹಾಕು' ಅಂದಿದ್ದಳಂತೆ. ಹೆದರಿಕೊಂಡು ಹಾಕಿದ್ದು. ಆ ಊರುಗಳ ಬಗ್ಗೆ, ಆ ಕೆಲಸದ ಬಗ್ಗೆ ಅವಳು ಯೋಚನೆಯನ್ನೇ ಮಾಡಿರಲಿಲ್ಲ.

ಈಗ ಪಟ್ಟಿ ತುಂಬುತ್ತಿರುವವರಿಗೆ ಇಲ್ಲೇ ಒಂದು ಮಾತು. ಸಿಕ್ಕರೆ ಹೋಗುತ್ತೇನೆ ಎಂದು ಮನಸ್ಸು ಒಪ್ಪದ ಸಾಲನ್ನು ಪಟ್ಟಿಗೆ ಹಾಕಬೇಡಿ. ಹಾಕುವುದಾದರೆ ಆ ಕಾಲೇಜಿನ ಒಬ್ಬರ ಹತ್ತಿರವಾದರೂ ಮೊದಲೇ ಮಾತಾಡಿ.

ಓಬಿಜಿ ಯಾಕೆ ಎಂದು ಕೇಳಿದೆ. ಇಂಟರ್ನ್‌ಶಿಪ್‌ನಲ್ಲಿ ನಡೆದದ್ದು ಹೇಳಿದಳು. ರಾತ್ರಿ ಹೊತ್ತು ಒಬ್ಬ ಗರ್ಭಿಣಿ ಬಂದಿದ್ದಾಳೆ. ಸಿಸೇರಿಯನ್ ಆಗಬೇಕಿತ್ತು, ಆಗಲಿಲ್ಲ. ಆಂಬುಲೆನ್ಸ್ ಹತ್ತಿಸಿ ಮಣಿಪಾಲಕ್ಕೆ ಕಳಿಸಿದರು. ಆ ಹೆಂಗಸು ಸುಧಾಳ ಕೈ ಬಿಡಲಿಲ್ಲವಂತೆ. ತಾಯಿ ಮಗು ಇಬ್ಬರೂ ಉಳಿದರು. ಅವತ್ತೇ ಇವಳು ಹೆರಿಗೆ ಡಾಕ್ಟರ್ ಆಗಬೇಕು ಅಂತ ನಿಶ್ಚಯಿಸಿದ್ದು. ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಈ ಕಥೆ ಬಿಡಿಸಿ ಹೇಳಬೇಕಿಲ್ಲ. ದೊಡ್ಡ ಕಾಯಿಲೆ ಅಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲ ಗೋವಾ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟ್ ಹತ್ತಿರ ಮಗುಚಿ ಪ್ರಾಣ ಹೋದದ್ದನ್ನು ಇಲ್ಲಿ ಯಾರೂ ಮರೆತಿಲ್ಲ.

ಅವಳಿಗೆ ಎರಡು ಫೋನ್ ಕರೆಯ ಕೆಲಸ ಕೊಟ್ಟೆ. ಒಂದು, ಆ ಕಾಲೇಜಿನಲ್ಲಿ ಮೊದಲ ವರ್ಷದ ಅನಸ್ತೇಷಿಯಾ ಓದುತ್ತಿರುವವರಿಗೆ. ಇನ್ನೊಂದು, ತಾಲೂಕು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿರುವ ಯಾರಾದರೂ ಅರಿವಳಿಕೆ ತಜ್ಞರಿಗೆ. 'ಹೇಗಿದೆ?' ಅಂತ ಮಾತ್ರ ಕೇಳಬೇಡ ಅಂದೆ. ಹಾಗೆ ಕೇಳಿದರೆ 'ಚೆನ್ನಾಗಿದೆ' ಎಂಬ ಉತ್ತರ ಬಿಟ್ಟು ಬೇರೆ ಬರುವುದಿಲ್ಲ. ಕಳೆದ ವಾರ ಎಷ್ಟು ಗಂಟೆ ಮಲಗಿದಿರಿ? ರಾತ್ರಿ ಡ್ಯೂಟಿ ಮಾಡಿದ ಮರುದಿನ ಬಿಡುತ್ತಾರಾ? ಹಾಸ್ಟೆಲ್‌ನಲ್ಲಿ ನೀರು ಬರುತ್ತದಾ? ಸ್ಟೈಪೆಂಡ್ ತಿಂಗಳು ತಿಂಗಳು ಸರಿಯಾಗಿ ಬರುತ್ತದಾ? ತಪ್ಪಾದಾಗ ಸೀನಿಯರ್ ಹೇಗೆ ಮಾತಾಡುತ್ತಾರೆ? ಇಂಥವನ್ನು ಕೇಳಬೇಕು. ವಾರಕ್ಕೆ 74 ಗಂಟೆಗಿಂತ ಹೆಚ್ಚು ದುಡಿಸಬಾರದು, ವಾರಕ್ಕೊಂದು ರಜೆ ಕೊಡಬೇಕು ಅಂತ ಅದೇ ಕಾರ್ಯಪಡೆ ಹೇಳಿದೆ. ನೀನು ಹೋಗುವ ಜಾಗ ಅದಕ್ಕೆ ಎಷ್ಟು ದೂರ ಇದೆ ಎಂದು ನೋಡು ಅಂದೆ.

ಎರಡನೇ ಕರೆ ಅವಳನ್ನು ಹಿಡಿದು ನಿಲ್ಲಿಸಿತು. ಆ ಡಾಕ್ಟರ್ ತಮ್ಮ ಕೆಲಸವನ್ನು ಹೀಗೆ ವಿವರಿಸಿದರಂತೆ: ಸಿಸೇರಿಯನ್ ಟೇಬಲ್ಲಿನಲ್ಲಿ ಓಬಿಜಿಯವರು ಹೊಟ್ಟೆಯ ಹತ್ತಿರ, ನಾವು ತಲೆಯ ಹತ್ತಿರ. ಬೆನ್ನಿಗೆ ಸೂಜಿ ಕೊಟ್ಟ ಸ್ವಲ್ಪ ಹೊತ್ತಿಗೇ ಬಿಪಿ ಇಳಿಯುತ್ತದೆ. ಸೊಂಟದ ಕೆಳಗೆ ಒತ್ತು ಕೊಟ್ಟು ಎಡಕ್ಕೆ ವಾಲಿಸುತ್ತೇವೆ, ಔಷಧ ಏರಿಸುತ್ತೇವೆ, ಕಣ್ಣು ಮಾನಿಟರ್ ಮೇಲೇ. ಹೆಂಗಸಿಗೆ ಎಚ್ಚರ ಇರುತ್ತದೆ. ಭಯಕ್ಕೆ ಅವಳು ಮಾತಾಡುವುದು ನಮ್ಮ ಹತ್ತಿರವೇ. ಮತ್ತೆ ಇದನ್ನೂ ಹೇಳಿದರಂತೆ: ತಾಲೂಕು ಮಟ್ಟದಲ್ಲಿ ಹೆರಿಗೆ ಡಾಕ್ಟರ್ ಇದ್ದೂ ಸಿಸೇರಿಯನ್ ಆಗದೆ ಮುಂದೆ ಕಳಿಸುವುದುಂಟು. ಅನಸ್ತೇಷಿಯಾ ಕೊಡುವವರು ಇಲ್ಲ ಎಂಬುದೇ ಕಾರಣ. ಈ ಕೊರತೆ ತುಂಬಲೆಂದೇ ಗ್ರಾಮೀಣ ಆರೋಗ್ಯ ಅಭಿಯಾನದಲ್ಲಿ ಎಂಬಿಬಿಎಸ್ ಮಾಡಿದವರಿಗೆ 18 ವಾರಗಳ ಅರಿವಳಿಕೆ ತರಬೇತಿ ಕೊಡುವ ಯೋಜನೆ ಮಾಡಬೇಕಾಯಿತು.

ಸುಧಾ ತನ್ನ ಸೀನಿಯರಿಗೆ ಫೋನ್ ಮಾಡಿ ಆ ರಾತ್ರಿಯ ವಿಚಾರ ಕೇಳಿದಳು. ಓಬಿಜಿ ಮೇಡಂ ಡ್ಯೂಟಿಯಲ್ಲೇ ಇದ್ದರಂತೆ. ಇಲ್ಲದೇ ಇದ್ದಿದ್ದು ಅನಸ್ತೇಷಿಯಾದವರು.

ಇದನ್ನು ಹೇಳುವಾಗ ಅವಳ ಮುಖ ಸ್ವಲ್ಪ ಬಿಚ್ಚಿಕೊಂಡಿತ್ತು. ಹಾಗಾದರೆ ಇದೇ ನಿನ್ನ ದಾರಿ ಎಂದುಬಿಡುವುದು ನನಗೆ ಸುಲಭವಿತ್ತು. ನಾನು ಹೇಳಲಿಲ್ಲ. ಜಿಲ್ಲೆಗೆ ಬೇಕು ಅನ್ನುವುದು ಒಂದು, ನನಗೆ ಬೇಕು ಅನ್ನುವುದು ಇನ್ನೊಂದು. ಊರಿನ ಋಣದ ಹೆಸರಲ್ಲಿ ಇನ್ನೊಂದು ಫ್ಲೆಕ್ಸ್ ನಾನು ಕಟ್ಟಬಾರದು, ಅಲ್ವಾ?

ಮೂರನೇ ಸಲ ನೀಟ್ ಬರೆಯುವ ಮಾತನ್ನೂ ಬಿಡಿಸಿ ನೋಡಿದೆವು. 'ಇನ್ನೂ ಕಷ್ಟಪಟ್ಟು ಓದ್ತೇನೆ' ಎಂಬ ಉತ್ತರ ಸಾಲದು ಅಂದೆ. ಈ ಸಲ ಏನು ಬೇರೆ ಮಾಡುತ್ತೀ? ಅವಳು ಪ್ರಾಮಾಣಿಕವಾಗಿ ಹೇಳಿದಳು: ಟೆಸ್ಟ್ ಸೀರೀಸಿನಲ್ಲಿ ಕೊನೆಯ ಆರು ತಿಂಗಳು ಅಂಕ ಮೇಲೇರಿಯೇ ಇರಲಿಲ್ಲ. ಇನ್ನೊಂದು ವರ್ಷ ಆ ಕೋಣೆಯಲ್ಲಿ ಒಬ್ಬಳೇ ಕೂರಲು ಮೈ ಮನಸ್ಸು ಎರಡೂ ಒಪ್ಪುತ್ತಿರಲಿಲ್ಲ.

ವರದಿ ಮಾಡಿಕೊಳ್ಳುವ ಹಿಂದಿನ ಸಂಜೆ ಅಪ್ಪ, ಆಯಿ ಬಂದರು. ಅಪ್ಪ ಬೋಟಿನಿಂದ ಇಳಿದು ನೇರ ಬಂದಿದ್ದರು. ಸುಧಾ ತಾನೇ ಹೇಳಿದಳು, ತನಗೆ ಖುಷಿಯಾಗಿಲ್ಲ ಅಂತ. ಅಪ್ಪ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮಗಾ, ನೀನು ಡಾಕ್ಟ್ರು ಆದದ್ದಕ್ಕೆ ಅದನ್ನ ಹಾಕ್ಸಿದ್ದು. ಯಾವ ಡಾಕ್ಟ್ರು ಅಂತ ನಂಗೆಲ್ಲಿ ಗೊತ್ತು? ಬೇಡ ಅಂದ್ರೆ ಈ ರಾತ್ರಿಯೇ ತೆಗೀತೆ" ಅಂದರು. ಆಯಿಯ ಚಿಂತೆ ಬೇರೆ. "ಅಕ್ಕೋರೆ, ಅಲ್ಲಿ ಮೀನು ಸಿಗೂದಿಲ್ಲ. ಇವಳು ಎಂತ ತಿಂತದೆ?" ಸುಧಾ ಅಷ್ಟೂ ದಿನದಲ್ಲಿ ಮೊದಲ ಸಲ ನಕ್ಕಳು. ಅಣ್ಣನ ಮದುವೆ ಇವಳ ಓದಿಗಾಗಿ ಮುಂದೆ ಹೋಗಿದೆ ಎಂಬ ಮಾತೂ ಅವತ್ತೇ ಹೊರಬಂತು. ಎಲ್ಲರಿಗೂ ಗೊತ್ತಿದ್ದು ಯಾರೂ ಆಡದ ಮಾತು ಅದು. ಸುಧಾ ಅದನ್ನೇ ತಲೆಯಲ್ಲಿ ಹೊತ್ತು ತಿರುಗುತ್ತಿದ್ದಳು. "ನಂದೇನೂ ಅವಸರ ಇಲ್ಲ, ನಿನ್ನ ತಲೆಗೆ ಇದೊಂದು ಬೇಡ" ಅಂದ ಅಣ್ಣ.

ಉಳಿದದ್ದು ನಿಯಮದ ವಿಚಾರ. ಸರ್ಕಾರಿ ಕಾಲೇಜುಗಳ ಅರ್ಧ ಪಿಜಿ ಸೀಟು ಅಖಿಲ ಭಾರತ ಕೋಟಾದಲ್ಲಿ ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ (ಎಂಸಿಸಿ) ಹಂಚುತ್ತದೆ, ಉಳಿದ ಅರ್ಧ ನಮ್ಮಲ್ಲಿ ಕೆಇಎ. ಬಂದ ಸೀಟಿಗೆ ಸೇರುವುದು, ಹಿಡಿದುಕೊಂಡು ಮುಂದಿನ ಸುತ್ತಿಗೆ ಕಾಯುವುದು, ಬಿಡುವುದು, ಇವಕ್ಕೆ ಪ್ರತಿ ಸುತ್ತಿನಲ್ಲೂ ಬೇರೆ ಬೇರೆ ಷರತ್ತು. ಮುಂದಿನ ಸುತ್ತಿನಲ್ಲಿ ಮೇಲಿನ ಆಪ್ಷನ್ ಬಂದರೆ ಕೈಯಲ್ಲಿದ್ದ ಸೀಟು ತಾನಾಗಿ ಹೋಗುತ್ತದೆ. ಇದನ್ನು ಗಮನಿಸದೆ ಪಟ್ಟಿಯಲ್ಲಿ ಬೇಡದ ಸಾಲು ಉಳಿಸಿಕೊಂಡವರು ಆಮೇಲೆ ಪರದಾಡುತ್ತಾರೆ. ಕೊನೆ ಕೊನೆಯ ಸುತ್ತುಗಳಲ್ಲಿ ಸೀಟು ಬಿಟ್ಟರೆ ದಂಡವೂ ಇದೆ, ಮುಂದೆ ಪರೀಕ್ಷೆಗೇ ಕೂರದಂತೆ ತಡೆಯುವುದೂ ಇದೆ. ಆ ವರ್ಷದ ಪ್ರಕಟಣೆಯನ್ನು ಸ್ವತಃ ಓದಬೇಕು. ಗೆಳೆಯರ ವಾಟ್ಸಾಪ್ ಮೆಸೇಜು ನೆಚ್ಚಿಕೊಂಡರೆ ಕೆಲಸ ಕೆಡುತ್ತದೆ.

ಸುಧಾ ಸೀಟು ಹಿಡಿದುಕೊಂಡಳು. ಪಟ್ಟಿಯ ಮೇಲ್ಭಾಗದಲ್ಲಿ ಓಬಿಜಿ ಸಾಲುಗಳನ್ನು ಮಾತ್ರ ಇಟ್ಟು ಮುಂದಿನ ಸುತ್ತಿಗೆ ಕಾದಳು. ಓಬಿಜಿ ಬರಲಿಲ್ಲ. ಅನಸ್ತೇಷಿಯಾಕ್ಕೇ ಹೋಗಿ ಸೇರಿದಳು. ಹೊರಡುವ ಮೊದಲು ಒಂದೆರಡು ವಿಷಯ ಗಟ್ಟಿ ಮಾಡಿಕೊಂಡೆವು. ಮೊದಲ ಮೂರು ತಿಂಗಳು ಹದಿನೈದು ದಿನಕ್ಕೊಮ್ಮೆ ನನ್ನ ಜೊತೆ ಫೋನು. ನಿದ್ದೆ ವಾರಗಟ್ಟಲೆ ಕೆಟ್ಟರೆ ಅಲ್ಲಿನ ಮನೋವೈದ್ಯಕೀಯ ವಿಭಾಗಕ್ಕೆ ತಾನೇ ಹೋಗುವುದು, ಸಂಕೋಚ ಬೇಡ. ಮನೆಗೆ ಫೋನ್ ಮಾಡಿದಾಗ 'ಚೆನ್ನಾಗಿದ್ದೇನೆ' ಎನ್ನುವ ಬದಲು ಆ ದಿನ ನಡೆದ ಒಂದು ಸಂಗತಿ ಹೇಳುವುದು. ಅಪ್ಪನಿಗೆ ಹೇಳಿದ್ದು ಇಷ್ಟೇ: ಯಾವಾಗ ಮುಗೀತದೆ, ಎಷ್ಟು ಸಂಬಳ ಅಂತ ಮೊದಲ ವರ್ಷ ಕೇಳಬೇಡಿ.

ಈಗ ಅವಳು ಮೊದಲ ವರ್ಷದಲ್ಲಿದ್ದಾಳೆ. ಕೆಲಸ ಹಿಡಿಸುತ್ತಿದೆ ಅನ್ನುತ್ತಾಳೆ. ಹೆರಿಗೆ ವಾರ್ಡಿನ ಮುಂದೆ ಹಾದು ಹೋಗುವಾಗ ಹೊಟ್ಟೆಯಲ್ಲಿ ಸಂಕಟ ಆಗುವುದು ನಿಂತಿಲ್ಲ ಅಂತಲೂ ಹೇಳುತ್ತಾಳೆ. ಮತ್ತೆ ನೀಟ್ ಬರೆಯುವ ಆಸೆ ಪೂರ್ತಿ ಹೋಗಿಲ್ಲ. ನಡುವೆ ಸೀಟು ಬಿಟ್ಟರೆ ಎಷ್ಟು ಕಟ್ಟಬೇಕಾಗುತ್ತದೆ ಎಂದು ಸೇರುವಾಗ ಬರೆದುಕೊಟ್ಟ ಬಾಂಡಿನಲ್ಲಿ ನೋಡಿಕೊಂಡು, ಮುಂದಿನ ಕರೆಯಲ್ಲಿ ಆ ಮಾತು ಆಡೋಣ ಅಂದಿದ್ದೇನೆ.