ಸರ್ವರ್ ಪರೀಕ್ಷೆಗೆ ಪೈಥಾನ್ ಬೇಕೇ ಬೇಕಾ?

ಪ್ರಶ್ನೆ: ನಮ್ಮ ಎಂಜಿನ್‌ಎಕ್ಸ್ ವೆಬ್ ಸರ್ವರ್ ಪರೀಕ್ಷೆಗೆ 30 ಪೈಥಾನ್ ಸ್ಕ್ರಿಪ್ಟ್‌ಗಳಿವೆ. ಪುಟ 200 (ಸರಿಯಾಗಿ ಸಿಕ್ಕಿತು ಎಂಬ ಕೋಡ್) ಕೊಡುತ್ತಿದೆಯೇ, ಹಳೆಯ ವಿಳಾಸ 301 ಆಗಿ ಹೊಸದಕ್ಕೆ ಕಳಿಸುತ್ತಿದೆಯೇ, ಹೆಡರ್ (ಉತ್ತರದ ಜೊತೆ ಬರುವ ಮಾಹಿತಿಯ ಸಾಲು) ಸರಿಯಿದೆಯೇ ಎಂದಷ್ಟೇ ನೋಡುತ್ತವೆ. ಇಷ್ಟಕ್ಕೇ ಪ್ರತಿ ಹೊಸ ಆಲ್ಪೈನ್ (ಪುಟ್ಟ ಲಿನಕ್ಸ್) ಕಂಟೇನರ್‌ನಲ್ಲೂ ಪೈಥಾನ್, ವೆಬ್ ಪುಟ ತರುವ ಅದರ ರಿಕ್ವೆಸ್ಟ್ಸ್ ಲೈಬ್ರರಿ ಹಾಕಬೇಕು. ಕಮಾಂಡ್ ಓಡಿಸುವ ಶೆಲ್‌ನಲ್ಲೇ ಬರೆಯಬಹುದೇ?

ಉತ್ತರ: ಧಾರಾಳವಾಗಿ ಬರೆಯಿರಿ. ವಿಳಾಸ ಕೊಟ್ಟರೆ ಪುಟ ತರುವ ಕರ್ಲ್ ಎಂಬ ಕಮಾಂಡ್ ಒಂದನ್ನು ಹಾಕಿಕೊಂಡರೆ ಸಾಕು. ಅದರ 'ರೈಟ್ ಔಟ್' ಆಯ್ಕೆಗೆ ಎಚ್‌ಟಿಟಿಪಿ ಕೋಡ್ ಕೇಳಿ, ಪುಟವನ್ನು ಡೆವ್ ನಲ್‌ಗೆ (ಬಂದದ್ದನ್ನೆಲ್ಲ ಎಸೆದುಬಿಡುವ ಜಾಗ) ಕಳಿಸಿ. ಕೈಗೆ ಬರುವುದು ಬರೀ ಮೂರಂಕಿ. ಸರ್ವರ್ ಎದ್ದೇ ಇಲ್ಲದಿದ್ದರೆ ಅಲ್ಲಿ 000 ಕಾಣುತ್ತದೆ, ಕರ್ಲ್ 7 ಎಂಬ ಎಕ್ಸಿಟ್ ಕೋಡ್ (ಸಂಪರ್ಕ ಸಿಗಲಿಲ್ಲ ಎಂಬ ಸೂಚನೆ) ಕೊಟ್ಟು ಮುಗಿಯುತ್ತದೆ. 301 ಎಲ್ಲಿಗೆ ಕಳಿಸುತ್ತಿದೆ ಎಂಬುದನ್ನೂ ಅದೇ ಆಯ್ಕೆ ಹೇಳುತ್ತದೆ. ರಿಕ್ವೆಸ್ಟ್ಸ್‌ನ ಗೆಟ್ ತಾನಾಗಿಯೇ ಹೊಸ ವಿಳಾಸಕ್ಕೆ ಹೋಗಿಬಿಡುತ್ತದೆ, ಬೇಡ ಎಂದರೆ ನಾವೇ ಹೇಳಬೇಕು. ಕರ್ಲ್ ಹೇಳದೆ ಹೋಗುವುದಿಲ್ಲ. ನಿಮಗೆ ಬೇಕಾದದ್ದೂ ಅದೇ ಅಲ್ವಾ?

ಹೆಡರ್ ವಿಷಯದಲ್ಲಿ ಮಾತ್ರ ಹುಷಾರು. ಒಮ್ಮೆ 'ಕ್ಯಾಶ್ ಕಂಟ್ರೋಲ್' ಹೆಡರ್ ಪರೀಕ್ಷೆಯೊಂದು ಸುಮ್ನೆ ಫೇಲ್ ಆಗುತ್ತಿತ್ತು. ಬರಬೇಕಾದದ್ದು 'ನೋ ಸ್ಟೋರ್', ಬಂದದ್ದೂ ಅದೇ. ಪರದೆಯ ಮೇಲೆ ಎರಡಕ್ಕೂ ಕೂದಲೆಳೆಯ ವ್ಯತ್ಯಾಸ ಇಲ್ಲ. ಕೊನೆಗೆ ಬೈಟ್ ಬೈಟ್ ಆಗಿ ಬಿಡಿಸಿ ನೋಡಿದಾಗ, ಬಂದ ಸಾಲಿನ ತುದಿಯಲ್ಲಿ ಕಣ್ಣಿಗೆ ಕಾಣದ ಕ್ಯಾರೇಜ್ ರಿಟರ್ನ್ ಎಂಬ ಅಕ್ಷರ ಕೂತಿತ್ತು. ಎಚ್‌ಟಿಟಿಪಿ 1.1ರಲ್ಲಿ ಹೆಡರ್ ಸಾಲುಗಳು ಮುಗಿಯುವುದೇ ಹಾಗೆ. ಪೈಥಾನ್ ಲೈಬ್ರರಿ ಅದನ್ನು ತೆಗೆದು ಕೊಡುತ್ತಿತ್ತು. ಇಲ್ಲಿ ಹೋಲಿಸುವ ಮೊದಲು 'ಟಿಆರ್' ಕಮಾಂಡ್ ಬಳಸಿ ನೀವೇ ತೆಗೆಯಬೇಕು. ಹೆಡರ್ ಹೆಸರನ್ನು ದೊಡ್ಡಕ್ಷರ, ಚಿಕ್ಕಕ್ಷರ ಎಂದು ನೋಡದೆ ಹುಡುಕಿ. ಎಚ್‌ಟಿಟಿಪಿ 2ರಲ್ಲಿ ಅವೆಲ್ಲ ಚಿಕ್ಕಕ್ಷರದಲ್ಲೇ ಬರುತ್ತವೆ.

ಇನ್ನೊಂದು ಮಾತು. ಪೈಥಾನ್ ತೆಗೆದು ಬ್ಯಾಶ್ ಎಂಬ ಇನ್ನೊಂದು ಶೆಲ್ ತರಬೇಡಿ. ಆಲ್ಪೈನ್‌ನಲ್ಲಿ ಇರುವುದು ಬಿಸಿಬಾಕ್ಸ್ ಶೆಲ್, ಇನ್ನೊಂದು ಲಿನಕ್ಸ್ ಆದ ಡೆಬಿಯನ್‌ನ ಎಸ್‌ಎಚ್ ಶೆಲ್ ಅಂದರೆ ಡ್ಯಾಶ್. ಎರಡರಲ್ಲೂ ಬ್ಯಾಶ್‌ನ ಅರೇ (ಪಟ್ಟಿ) ನಡೆಯುವುದಿಲ್ಲ.

ಜೇಸನ್ ಎಂಬ ದತ್ತಾಂಶ ರೂಪದಲ್ಲಿ ಬರುವ ಉತ್ತರದ ಒಳಗೆ ಇಳಿದು ನೋಡುವ ಪರೀಕ್ಷೆ ಇದ್ದರೆ ಅದನ್ನು ಪೈಥಾನ್‌ನಲ್ಲೇ ಬಿಡಿ. ಪಠ್ಯ ತಿದ್ದುವ ಸೆಡ್ ಕಮಾಂಡ್ ಹಿಡಿದು ಜೇಸನ್ ಕತ್ತರಿಸಲು ಹೋದರೆ ತಲೆನೋವು ಜಾಸ್ತಿ.

ಹಳೆಯ ಸ್ಕ್ರಿಪ್ಟ್ ಅಳಿಸುವ ಮುಂಚೆ ಸರ್ವರ್ ಕಾನ್ಫಿಗ್‌ನಿಂದ 301ರ ಸಾಲನ್ನು ಬೇಕೆಂದೇ ತೆಗೆದು ಹೊಸ ಸ್ಕ್ರಿಪ್ಟ್ ಓಡಿಸಿ. ಅದು ಫೇಲ್ ಆಗಲೇಬೇಕು. ಪಾಸ್ ಆಯಿತೆಂದರೆ ಆ ಸ್ಕ್ರಿಪ್ಟ್ ಏನನ್ನೂ ಪರೀಕ್ಷಿಸುತ್ತಿಲ್ಲ.