ಹೆಪಟೈಟಿಸ್ ಡೆಲ್ಟಾಗೆ ಬೇರೆ ಲಸಿಕೆ ಬೇಕಾ?

ದಕ್ಷಿಣ ಅಮೆರಿಕದ ಬುಡಕಟ್ಟು ಮಕ್ಕಳಿಗೆ ಯಕೃತ್ತಿಗೆ (ಲಿವರ್‌ಗೆ) ತಗಲುವ ಹೆಪಟೈಟಿಸ್ ಡೆಲ್ಟಾ (ಡಿ) ವೈರಸ್‌ಗೆ, ಅಂದರೆ ಕೋವಿಡ್‌ನ ಡೆಲ್ಟಾ ಅಲ್ಲ, ಬೇರೆ ಲಸಿಕೆ ಯಾಕೆ ಕೊಡಲ್ಲ ಅಂತ ಕೇಳಿದ್ದೀರಿ. ಬೇಕಾಗಿಲ್ಲ ಸರ್. ಡೆಲ್ಟಾಗೆ ಸ್ವಂತ ಹೊರಕವಚವೇ ಇಲ್ಲ, ಹೆಪಟೈಟಿಸ್ ಬಿ ವೈರಸ್‌ನ ಕವಚ ಹೊದ್ದುಕೊಂಡೇ ಹರಡಬೇಕು. ಹೆಪಟೈಟಿಸ್ ಬಿ ಲಸಿಕೆ ಹಾಕಿ ಬಿ ತಡೆದರೆ ಡೆಲ್ಟಾನೂ ತಡೆದಂತೆ.

ಕಷ್ಟ ಇರುವುದು ಆಗಲೇ ಬಿ ಅಂಟಿಸಿಕೊಂಡ ಮಕ್ಕಳದ್ದು. ಅವರಿಗೆ ಈ ಲಸಿಕೆ ಹಾಕಿ ಪ್ರಯೋಜನ ಇಲ್ಲ. ವೆನೆಜುವೆಲಾದ ಯುಕ್ಪಾ ಜನರಲ್ಲಿ 1979-81ರಲ್ಲಿ 149 ಮಂದಿಗೆ ಹೆಪಟೈಟಿಸ್ ಬಂದು 34 ಜನ ತೀರಿಕೊಂಡರು. ಹೆಚ್ಚಿನವರು ಮಕ್ಕಳು, ಹರೆಯದವರು. ಬಿ ಇದ್ದವರ ಮೇಲೆ ಡೆಲ್ಟಾ ಬಂದು ಕೂತಿತ್ತು.

ಅದಕ್ಕೇ ಹುಟ್ಟಿದ 24 ಗಂಟೆಯೊಳಗಿನ ಮೊದಲ ಡೋಸ್ ಅಷ್ಟು ಮುಖ್ಯ. ಆದರೆ ಕಾಡಿನ ಗುಡಿಸಲಲ್ಲೇ ಹೆರಿಗೆಯಾದರೆ ಅಷ್ಟರಲ್ಲಿ ಲಸಿಕೆ ತಲುಪಿಸೋದು ಸುಲಭನಾ? ತಣ್ಣಗಿಡಲು ಐಸ್ ಜೊತೆ ಒಯ್ಯುವಾಗ ಬಾಟ್ಲಿ ಐಸ್‌ಗೆ ತಾಗಿ ಹೆಪ್ಪುಗಟ್ಟಿದರೂ ಲಸಿಕೆ ಕೆಟ್ಟಿತು ಅಂತಲೇ ಲೆಕ್ಕ.